ಯಾವ ಹೊಳೆಯ ಮಹಶೀರ್ ಅಂತ ಕೇಳಿದಿರಾ?

ಕಾವೇರಿಗೆ ಮಹಶೀರ್ ಮೀನಿನ ಮರಿ ಬಿಡಬೇಕು ಎಂದು ಸಲಹೆ ಕೇಳಲು ಬರುವವರಿಗೆ ನನ್ನದು ಒಂದೇ ಪ್ರಶ್ನೆ: ಯಾವ ಮಹಶೀರ್? ‘ಮಹಶೀರ್ ಅಂದ್ರೆ ಮಹಶೀರ್ ಅಲ್ವಾ ಸಾರ್’ ಎನ್ನುತ್ತಾರೆ. ಅಲ್ಲ ಸ್ವಾಮಿ, ಮಹಶೀರ್‌ನಲ್ಲಿ ಹಲವು ಜಾತಿಗಳಿವೆ. ಎಷ್ಟು ಹೇಳಿದರೂ ಮತ್ತೆ ಅಲ್ಲಿಗೇ ಬರುತ್ತಾರೆ.

ಕಾವೇರಿ, ಕಬಿನಿ, ಭವಾನಿ, ಮೋಯಾರ್ ಹೊಳೆಗಳ ಸ್ವಂತ ಮೀನು ಗೂನುಬೆನ್ನಿನ ಮಹಶೀರ್, ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ. ತಲೆಯ ಹಿಂದಿನಿಂದಲೇ ಬೆನ್ನು ಏರುತ್ತದೆ, ಬಾಲದ ರೆಕ್ಕೆಗೆ ಕಿತ್ತಳೆ ಛಾಯೆ. ಮರಿ ಕೇಂದ್ರಗಳಲ್ಲಿ ಸಿಗುವುದು ನೀಲಿ ರೆಕ್ಕೆಯ ಟಾರ್ ಖುದ್ರೀ. 1839ರಲ್ಲಿ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಸೈಕ್ಸ್ ಅದನ್ನು ಮೊದಲು ವಿವರಿಸಿದ್ದು ಪುಣೆಯ ಮುಳಾ-ಮುಠಾ ಹೊಳೆಯಿಂದ. ಅಂದರೆ ಕೃಷ್ಣಾ ಕಣಿವೆಯ ಮೀನು. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ತಾಯಿಮೀನಿನ ಮೊಟ್ಟೆ ಹಿಂಡಿ ಮರಿ ಮಾಡುವುದು ಕೈಗೂಡಿತು. ಆ ಮರಿಗಳು ಕಾವೇರಿಗೂ ಬಂದವು. ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು.

ಆಮೇಲೆ ಏನಾಯಿತು ಎಂಬುದನ್ನು ಕಾವೇರಿಯ ಗಾಳದ ಶಿಬಿರಗಳ 1998ರಿಂದ 2012ರವರೆಗಿನ ದಾಖಲೆ ತೋರಿಸುತ್ತದೆ. ನೀಲಿ ರೆಕ್ಕೆಯವು ಹೆಚ್ಚಿದವು, ಅವುಗಳ ಸರಾಸರಿ ತೂಕ ಇಳಿಯಿತು: ಮರಿಗಳು ಬೆಳೆದು ಬರುತ್ತಿವೆ ಎಂದರ್ಥ. ಗೂನುಬೆನ್ನಿನವು ಕಡಿಮೆಯಾದವು, ಸರಾಸರಿ ತೂಕ ಮಾತ್ರ ಏರಿತು. ‘ದೊಡ್ಡ ಮೀನು ಸಿಗ್ತಿವೆಯಲ್ಲ, ಹೊಳೆ ಚೆನ್ನಾಗಿದೆ’ ಎಂದು ಜನ ಎಡವುವುದು ಇಲ್ಲೇ. ಹುಡುಗರೆಲ್ಲ ಊರು ಬಿಟ್ಟ ಹಳ್ಳಿಯಲ್ಲಿ ಸರಾಸರಿ ವಯಸ್ಸು ಏರುವುದಿಲ್ಲವೇ, ಹಾಗೆ. ಗಾಳಕ್ಕೆ ಬೀಳುತ್ತಿದ್ದದ್ದು ಹಳೆಯ ಮೀನುಗಳು. ಅವುಗಳ ಹಿಂದೆ ಎಳೆಯವು ಬರುತ್ತಿರಲಿಲ್ಲ. 2018ರಲ್ಲಿ ಗೂನುಬೆನ್ನಿನ ಮಹಶೀರನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಳಿವಿನ ಅಂಚಿಗೆ ತೀರಾ ಹತ್ತಿರವಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಎಲ್ಲ ತಪ್ಪನ್ನೂ ಹೊರಗಿನ ಮೀನಿನ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಅಣೆಕಟ್ಟು, ಮರಳು ಗಣಿಗಾರಿಕೆ, ಮೀನು ಹಿಡಿಯಲು ಸಿಡಿಸುವ ಸಿಡಿಮದ್ದು ಇವೂ ಸೇರಿವೆ. ಆದರೆ ಮೊದಲೇ ಸೊರಗಿದ ಮೀನಿನ ಜಾಗಕ್ಕೆ ಪೈಪೋಟಿಗಾರನನ್ನು ತಂದು ಬಿಡಬೇಕೇ? ಎರಡೂ ಕೂಡಿ ಬೆರಕೆ ಸಂತತಿ ಹುಟ್ಟುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಬಲೆ ಹಾಕಿ ನೀಲಿ ರೆಕ್ಕೆಯವನ್ನಷ್ಟೇ ಹೊಳೆಯಿಂದ ವಾಪಸ್ ತೆಗೆಯಲು ಆಗುವುದಿಲ್ಲ.

ಯಾವ ಮಹಶೀರ್ ಎಂದು ತಿಳಿಯಲು ಬೆರಳುದ್ದದ ಮರಿಯಲ್ಲಿ ಗೂನು ಹುಡುಕಬೇಡಿ. ತಾಯಿಮೀನು ಯಾವ ಹೊಳೆಯದು ಎಂದು ಮರಿ ಕೇಂದ್ರದಿಂದ ಬರಹದಲ್ಲಿ ಪಡೆಯಿರಿ. ತಾಯಿಮೀನಿನ ರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಶೇ 95ರ ಎಥನಾಲ್‌ನಲ್ಲಿಟ್ಟು ಡಿಎನ್‌ಎ ಪರೀಕ್ಷೆಗೆ ಕಳಿಸಲು ಹೇಳಿ; ಮೀನು ಸಾಯುವುದಿಲ್ಲ. ಫಾರ್ಮಾಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಕೆಡುತ್ತದೆ. ವರದಿ ಕೈಗೆ ಬರುವವರೆಗೆ ಮರಿಗಳು ತೊಟ್ಟಿಯಲ್ಲೇ ಇರಲಿ.