ಹಕೀಂ ಹೆಸರಿನೊಳಗಿನ ಕಡಿವಾಣ

ಮಂಜೂರಾತಿ ಇಲ್ಲದ ಸರ್ಕಾರಿ ಜಮೀನನ್ನು ಉತ್ತು ಬಿತ್ತಿಕೊಂಡು ಬಂದ ರೈತರು ‘ಬಗರ್ ಹುಕುಂ’ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವುದು ನಮಗೆ ಹೊಸದೇನಲ್ಲ. ಬಗರ್ ಅಂದರೆ ಇಲ್ಲದೆ, ಹುಕುಂ ಅಂದರೆ ಅಪ್ಪಣೆ. ಅರಬ್ಬಿಯಿಂದ ಬಂದ ಈ ಹುಕುಮಿನ ಒಡಹುಟ್ಟೇ ಹಕೀಂ ಎಂಬ ಹೆಸರು.

ನಾವು ‘ಮಾಡು’ವಿಗೆ ಬಾಲ ಹಚ್ಚಿ ಮಾಡಿದ, ಮಾಡಿಸು ಎನ್ನುತ್ತೇವೆ. ಅರಬ್ಬಿ ಭಾಷೆಯಾದರೋ ಪದದ ಹೊಟ್ಟೆಯೊಳಗೇ ಕೈ ಹಾಕುತ್ತದೆ. ಅಲ್ಲಿ ಬಹುಪಾಲು ಪದಗಳಿಗೆ ಮೂರು ವ್ಯಂಜನಗಳ ಧಾತು. ನಡುವಿನ ಸ್ವರ ಬದಲಾದರೆ ಅರ್ಥವೂ ಹೊರಳುತ್ತದೆ. ಹ-ಕ-ಮ ಧಾತುವಿನಿಂದ ಹುಕ್ಮ್ ಎಂದರೆ ಅಪ್ಪಣೆ, ತೀರ್ಪು. ಹಿಕ್ಮಾ ಎಂದರೆ ವಿವೇಕ. ಮಹ್ಕಮಾ ಎಂದರೆ ನ್ಯಾಯಾಲಯ. ಇನ್ನು ಹಕಮಾ? ಕುದುರೆಯ ಬಾಯಿಗೆ ಹಾಕುವ ಕಡಿವಾಣದ ಒಂದು ಭಾಗ!

10ನೇ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಪ್ರಕಾರ ಈ ಧಾತುವಿನ ಮೂಲಾರ್ಥವೇ ‘ತಡೆ’. ಕಡಿವಾಣ ಕುದುರೆಯನ್ನು ತಡೆಯುತ್ತದೆ, ತೀರ್ಪು ಅನ್ಯಾಯವನ್ನು, ವಿವೇಕ ಅಜ್ಞಾನವನ್ನು. ನನಗೇಕೋ ಇದು ಸ್ವಲ್ಪ ಎಳೆದು ತಂದಂತೆ ಕಾಣುತ್ತದೆ. ಸೋದರ ಭಾಷೆ ಹೀಬ್ರೂವಿನಲ್ಲಿ ಇದೇ ಧಾತುವಿಗೆ ನೇರವಾಗಿ ಜ್ಞಾನದ ಅರ್ಥವಿದೆ. ಆದರೂ ದುಂದಿಗೆ, ನಾಲಗೆಗೆ ‘ಕಡಿವಾಣ ಹಾಕು’ ಎನ್ನುವ ನಮಗೆ ಆ ಚಿತ್ರ ಪರಕೀಯವೆನಿಸದು.

ಹೆಸರಿನಲ್ಲಿ ದೀರ್ಘ ಎಲ್ಲಿದೆ ಎನ್ನುವುದೇ ಮುಖ್ಯ. ಹಾಕಿಂ ಎಂದರೆ ಆಳುವವನು, ತೀರ್ಪು ಕೊಡುವವನು. ಹಕೀಂ ಎಂದರೆ ವಿವೇಕಿ. ಕರೀಂ, ರಹೀಂ, ಸಲೀಂ ಇದೇ ಅಚ್ಚಿನವು. ಯುನಾನಿ ವೈದ್ಯನೂ ಹಕೀಮನೇ. ತುರ್ಕಿಯಲ್ಲಿ ವೈದ್ಯ ಹೆಕಿಂ, ನ್ಯಾಯಾಧೀಶ ಹಾಕಿಂ. ಅಲ್-ಹಕೀಂ ದೇವರ ಹೆಸರುಗಳಲ್ಲೊಂದು. ಅಬ್ದುಲ್ ಹಕೀಂ ಎಂದರೆ ಆ ವಿವೇಕಿಯ ದಾಸ. ಇಂಗ್ಲಿಷ್ ಅಕ್ಷರದಲ್ಲಿ ಹಾಕಿಂ, ಹಕೀಂ ಎರಡನ್ನೂ ಹೆಚ್ಚಾಗಿ ಒಂದೇ ರೀತಿ ಬರೆಯುತ್ತಾರೆ. ಕನ್ನಡ ಲಿಪಿಗೆ ಆ ಫಜೀತಿ ಇಲ್ಲ: ಒಂದು ದೀರ್ಘ ಅತ್ತಿತ್ತ ಮಾಡಿದರೆ ಮುಗಿಯಿತು. ಗಂಟಲಿನಾಳದಿಂದ ಉಸಿರು ಉಜ್ಜಿಕೊಂಡು ಬರುವ ಅರಬ್ಬಿ ‘ಹ’ ಮಾತ್ರ ನಮ್ಮಲ್ಲಿಲ್ಲ.

ಆ ‘ಹ’ ಪೂರ್ತಿ ಉದುರಿಹೋಗುವುದೂ ಉಂಟು. ನೈಜೀರಿಯಾದಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಹಕೀಂ ಒಲಾಜುವಾನ್ ಅಮೆರಿಕದಲ್ಲಿ ವರ್ಷಗಟ್ಟಲೆ ‘ಅಕೀಂ’ ಆಗಿಯೇ ಆಡಿದರು. 1991ರಲ್ಲಿ ಮುಂದೊಂದು ‘ಹ’ ಸೇರಿಸಿಕೊಂಡರು. ‘ಆಲು’ ಕಾಸಿ ಕುಡಿಯುವ ನಮ್ಮ ಕಡೆಯವರು ಇದಕ್ಕೆ ನಗುವಂತಿಲ್ಲ.