ಇರುವ ಫೈಲು ಒಂದೇ, ಹಂಚುವ ಸೈಟು ಹಲವು: ಕ್ರಾಸ್ ಸೀಡಿಂಗ್ ಬೆಳೆದು ಬಂದ ದಾರಿ

ಬಳ್ಳಾರಿ, ರಾಯಚೂರು ಕಡೆ 2005ರ ನಂತರ ಮನೆಗೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರಿಗೆ ರಾತ್ರಿ 2 ಗಂಟೆಯ ಬೆಲೆ ಗೊತ್ತು. ಆಗಿನ ಕೆಲವು ಪ್ಲ್ಯಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಎಷ್ಟು ಇಳಿಸಿಕೊಂಡರೂ ಲೆಕ್ಕ ಇರಲಿಲ್ಲ. ಹಗಲಲ್ಲಿ ಒಂದೊಂದು ಎಂಬಿಗೂ ಲೆಕ್ಕ. ಹಾಗಾಗಿ ಟೊರೆಂಟ್ (ಒಂದು ಫೈಲನ್ನು ಹಲವರ ಮಷೀನುಗಳಿಂದ ತುಂಡು ತುಂಡಾಗಿ ಇಳಿಸಿಕೊಳ್ಳುವ ಏರ್ಪಾಡು) ಹಚ್ಚಿ ಮಲಗುವುದು, 8 ಗಂಟೆಯೊಳಗೆ ಎದ್ದು ಬಂದ್ ಮಾಡುವುದು ರೂಢಿಯಾಯಿತು. ಇದರಲ್ಲಿ ಅವರ ತಪ್ಪೇನಿಲ್ಲ. ಆದರೆ ಫೈಲು ಇಳಿದ ಕೂಡಲೇ ಮಷೀನು ಬಂದ್ ಆದರೆ, ಅದನ್ನು ಮುಂದಿನವರಿಗೆ ಕೊಡುವವರು ಯಾರು? ಬೇರೆ ಬೇರೆ ಕಾರಣಕ್ಕೆ ಈ ತೊಂದರೆ ಎಲ್ಲ ದೇಶಗಳಲ್ಲೂ ಇತ್ತು. ಡಿಸ್ಕಿನಲ್ಲಿ ಈಗಾಗಲೇ ಇರುವ ಫೈಲನ್ನು ಹಲವು ಸೈಟುಗಳಲ್ಲಿ ತಾನಾಗಿ ಹಂಚುವ ಇವತ್ತಿನ ಸಾಫ್ಟ್‌ವೇರಿನ ಬೇರು ಇರುವುದು ಈ ಕೊರತೆಯಲ್ಲೇ.

ಅಮೆರಿಕದ ಪ್ರೋಗ್ರಾಮರ್ ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಬಿಡುಗಡೆ ಮಾಡಿದರು. ಫೈಲನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿಗೂ 20 ಬೈಟಿನ ಒಂದು ಹ್ಯಾಶ್, ಅಂದರೆ ಆ ತುಂಡಿನಿಂದಲೇ ಲೆಕ್ಕ ಹಾಕಿ ತೆಗೆದ ಗುರುತು, ಬರೆದಿಡುವುದು ಅವರ ಉಪಾಯ. 1 ಜಿಬಿ ಫೈಲನ್ನು 1 ಎಂಬಿ ತುಂಡುಗಳಾಗಿ ಮಾಡಿದರೆ 1,024 ತುಂಡು. ಅವುಗಳ ಹ್ಯಾಶ್ ಎಲ್ಲ ಸೇರಿದರೂ ಬರೀ 20 ಕೆಬಿ. ಗುರುತಿಲ್ಲದವರಿಂದ ಬಂದ ತುಂಡು ಸರಿ ಇದೆಯೋ ಇಲ್ಲವೋ ಎಂದು ನಮ್ಮ ಮಷೀನೇ ತಾಳೆ ನೋಡುತ್ತದೆ. ಈ ಹ್ಯಾಶ್ ಎಲ್ಲ ಇರುವುದು ಟೊರೆಂಟ್ ಫೈಲು ಎಂಬ ಚಿಕ್ಕ ಫೈಲಿನಲ್ಲಿ. ಅದರಲ್ಲಿ ಫೈಲುಗಳ ಹೆಸರು, ಅಳತೆ, ಈ ಹ್ಯಾಶ್‌ಗಳ ಪಟ್ಟಿ, ಎಲ್ಲ ಸೇರಿದ ‘ಇನ್ಫೋ’ ಭಾಗದಿಂದ ಇನ್ನೊಂದು ಹ್ಯಾಶ್ ತೆಗೆಯುತ್ತಾರೆ. ಅದು ಇನ್ಫೋ-ಹ್ಯಾಶ್. ಟೊರೆಂಟಿಗೆ ಅದೇ ಗುರುತು. ಅದು ಒಂದೇ ಆಗಿರುವವರು ಮಾತ್ರ ಒಂದು ಗುಂಪಾಗಿ ಕೊಡು-ಕೊಳ್ಳಬಹುದು.

ಮೊದಮೊದಲು ಎಲ್ಲ ಯಾರು ಬೇಕಾದರೂ ಬರಬಹುದಾದ ದೊಡ್ಡ ದೊಡ್ಡ ಬಯಲು ಸೈಟುಗಳೇ. ಅವುಗಳಲ್ಲೊಂದಾದ ಸುಪ್ರನೋವಾ 2004ರ ಡಿಸೆಂಬರಿನಲ್ಲಿ ಮುಚ್ಚಿತು. 2005ರಲ್ಲಿ ಡಿಎಚ್‌ಟಿ ಬಂತು, ಟ್ರ್ಯಾಕರ್ (ಯಾವ ಟೊರೆಂಟ್ ಯಾರ ಹತ್ತಿರ ಇದೆ ಎಂದು ತಿಳಿಸುವ ಸರ್ವರ್) ಇಲ್ಲದೆಯೂ ಜನ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ದಾರಿ ಸಿಕ್ಕಿತು. ಆದರೂ ಇಳಿಸಿಕೊಂಡು ಹೊರಟುಹೋಗುವವರೇ ಜಾಸ್ತಿ. ಅದಕ್ಕೆ ಮದ್ದಾಗಿ ಬೆಳೆದದ್ದು ಸದಸ್ಯರಿಗೆ ಮಾತ್ರ ಬಾಗಿಲು ತೆರೆಯುವ ಪ್ರೈವೇಟ್ ಟ್ರ್ಯಾಕರುಗಳು. ಎಷ್ಟು ಪಡೆದಿರಿ, ಎಷ್ಟು ಕೊಟ್ಟಿರಿ ಎಂಬ ಅನುಪಾತ ಅಲ್ಲಿ ದಾಖಲಾಗುತ್ತದೆ. ಅದು ಕುಸಿದರೆ ಸದಸ್ಯತ್ವ ಹೋಗುತ್ತದೆ. ನಿಯಮ ಕಟುವೇ, ಆದರೆ ಫೈಲುಗಳು ಬಹಳ ವರ್ಷ ಬದುಕಿದವು.

ಆದರೆ ಇದರಿಂದಲೇ ಹೊಸ ತೊಡಕು ಶುರುವಾಯಿತು. ಎರಡು ಸೈಟುಗಳಲ್ಲಿ ಒಂದೇ ಇನ್ಫೋ-ಹ್ಯಾಶ್ ಇದ್ದರೆ ಟೊರೆಂಟ್ ಕ್ಲೈಂಟ್ (ನಮ್ಮ ಮಷೀನಿನಲ್ಲಿ ಟೊರೆಂಟ್ ನಡೆಸುವ ಸಾಫ್ಟ್‌ವೇರ್) ಅವನ್ನು ಬೇರೆ ಬೇರೆ ಎಂದು ನೋಡುವುದಿಲ್ಲ. ಯಾವ ಸೈಟಿಗೆ ಎಷ್ಟು ಕೊಟ್ಟಿರಿ ಎಂಬ ಲೆಕ್ಕ ಕಲಸಿಹೋಗುತ್ತದೆ. ಟ್ರ್ಯಾಕರಿನ ವಿಳಾಸ ಬದಲಿಸಿದರೂ ಪ್ರಯೋಜನವಿಲ್ಲ, ಆ ವಿಳಾಸ ಇನ್ಫೋ ಭಾಗದ ಹೊರಗಿರುತ್ತದೆ. ಅದಕ್ಕೇ ಸೈಟುಗಳು ಇನ್ಫೋ ಭಾಗದೊಳಗೆ ‘ಸೋರ್ಸ್’ ಎಂಬ ತಮ್ಮದೊಂದು ಗುರುತು ಸೇರಿಸತೊಡಗಿದವು. ಆಗ ಫೈಲಿನ ಒಂದು ಬೈಟೂ ಬದಲಾಗದೆ ಇನ್ಫೋ-ಹ್ಯಾಶ್ ಮಾತ್ರ ಬೇರೆಯಾಗುತ್ತದೆ. ಲೆಕ್ಕವೇನೋ ಸರಿಹೋಯಿತು. ಆದರೆ ಒಂದೇ ಫೈಲು ಇಟ್ಟುಕೊಂಡ ಹತ್ತು ಜನ ಐದು ಗುಂಪುಗಳಾಗಿ ಹಂಚಿಹೋದರು. ಒಂದು ಗುಂಪಿನಲ್ಲಿ ಕೊಡುವವರು ಮುಗಿದರೆ, ಪಕ್ಕದ ಗುಂಪಿನಲ್ಲಿ ಪೂರ್ತಿ ಫೈಲು ಇದ್ದರೂ ಗೊತ್ತಾಗುವುದಿಲ್ಲ. ಇದು ನಿಜವಾದ ನಷ್ಟ.

ದಾರಿ ಮೊದಲಿಂದಲೂ ಇತ್ತು, ಆದರೆ ಕೈಕೆಲಸ. ಎರಡನೇ ಸೈಟಿನ ಟೊರೆಂಟ್ ಫೈಲು ತರಬೇಕು. ಕ್ಲೈಂಟಿಗೆ ಹಳೆಯ ಫೋಲ್ಡರನ್ನೇ ತೋರಿಸಬೇಕು. ಹ್ಯಾಶ್ ತಾಳೆ ನೋಡುವ ‘ರೀಚೆಕ್’ ಒತ್ತಬೇಕು. ಹ್ಯಾಶ್‌ಗಳು ಹೊಂದಿದರೆ ಹೊಸದಾಗಿ ಏನೂ ಇಳಿಸದೆ ಅಲ್ಲೂ ಸೀಡ್ ಮಾಡಬಹುದು, ಅಂದರೆ ಪೂರ್ತಿ ಫೈಲನ್ನು ಬೇರೆಯವರಿಗೆ ಕೊಡಬಹುದು. ಇದಕ್ಕೇ ಕ್ರಾಸ್ ಸೀಡಿಂಗ್ ಎನ್ನುತ್ತಾರೆ. ಹತ್ತು ಫೈಲಿಗೆ ಮಾಡಬಹುದು, ಸಾವಿರಕ್ಕೆ ಆಗದ ಮಾತು. 2016ರ ನವೆಂಬರಿನಲ್ಲಿ ವಾಟ್‌.ಸಿಡಿ ಎಂಬ ಸಂಗೀತದ ಟ್ರ್ಯಾಕರ್ ಮುಚ್ಚಿದಾಗ ಈ ಮಾತು ತಟ್ಟಿತು. ಕ್ಯಾಟಲಾಗ್ ಮಾಯವಾಯಿತು, ಫೈಲುಗಳು ಮಾತ್ರ ಜನರ ಡಿಸ್ಕುಗಳಲ್ಲಿ ಹಾಗೇ ಉಳಿದಿದ್ದವು. ಅವನ್ನು ಹೊಸ ಸೈಟುಗಳ ಪಟ್ಟಿಯ ಜೊತೆ ಮತ್ತೆ ಜೋಡಿಸಬೇಕಿತ್ತು.

2020ರ ಆಸುಪಾಸಿನಲ್ಲಿ ಬಂದ ‘ಕ್ರಾಸ್-ಸೀಡ್’ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಈ ಕೈಕೆಲಸವನ್ನು ತಾನೇ ವಹಿಸಿಕೊಂಡಿತು. ನಿಮ್ಮ ಕ್ಲೈಂಟಿನಲ್ಲಿರುವ ಟೊರೆಂಟುಗಳ ಹೆಸರು ಹಿಡಿದು ಅದು ಬೇರೆ ಸೈಟುಗಳಲ್ಲಿ ಹುಡುಕುತ್ತದೆ. ಒಂದೊಂದು ಸೈಟಿನ ಭಾಷೆ ಒಂದೊಂದು ಥರ. ಅದಕ್ಕೇ ಜಾಕೆಟ್, ಪ್ರೌಲರ್‌ನಂಥ ಸಾಫ್ಟ್‌ವೇರುಗಳು ಮಧ್ಯೆ ನಿಂತು ಎಲ್ಲವನ್ನೂ ಟೋರ್ಜ್‌ನ್ಯಾಬ್ ಎಂಬ ಒಂದೇ ರೂಪಕ್ಕೆ ತರುತ್ತವೆ. ಸಿಕ್ಕ ಟೊರೆಂಟಿನಲ್ಲಿ ಫೈಲುಗಳ ಹೆಸರು, ಅಳತೆ ಹೊಂದುತ್ತವೆಯೇ ಎಂದು ನೋಡಿ, ಹೊಂದಿದರೆ ಕ್ಲೈಂಟಿಗೆ ಸೇರಿಸುತ್ತದೆ. ಹೆಸರು ಮಾತ್ರ ಬೇರೆ ಇದ್ದರೆ ಹಾರ್ಡ್ ಲಿಂಕ್ ಮಾಡುತ್ತದೆ. ಅಂದರೆ ಒಂದೇ ಫೈಲಿಗೆ ಎರಡನೇ ಹೆಸರು. ಡಿಸ್ಕಿನ ಜಾಗ ಹೆಚ್ಚಿಗೆ ಬೇಕಾಗುವುದಿಲ್ಲ. ಒಂದು ಎಚ್ಚರ: ಅಳತೆ ಒಂದೇ ಅಂದಮಾತ್ರಕ್ಕೆ ಫೈಲು ಒಂದೇ ಅಂತಲ್ಲ. ರೀಚೆಕ್ ಬಿಟ್ಟು ಮುಂದೆ ಹೋಗುವುದು ಬೇಡ. ಗಳಿಗೆಗೊಮ್ಮೆ ಹುಡುಕಾಟ ನಡೆಸಿ ಸೈಟುಗಳಿಗೆ ಭಾರವಾಗುವುದೂ ಬೇಡ, ಹಾಗೆ ಮಾಡಿದವರನ್ನು ಹೊರಹಾಕುವ ಸೈಟುಗಳಿವೆ.

ಬಿಟ್‌ಟೊರೆಂಟಿನ ಎರಡನೇ ಆವೃತ್ತಿ ಈ ಗಂಟನ್ನು ಬುಡದಲ್ಲೇ ಬಿಡಿಸಲು ನೋಡುತ್ತದೆ. ಅದರಲ್ಲಿ ಪ್ರತಿ ಫೈಲಿಗೂ ಅದರದೇ ಹ್ಯಾಶ್. ಹಾಗಾಗಿ ಬೇರೆ ಬೇರೆ ಟೊರೆಂಟುಗಳಲ್ಲಿರುವ ಒಂದೇ ಫೈಲನ್ನು ಖಚಿತವಾಗಿ ಗುರುತಿಸಬಹುದು. 2020ರ ಲಿಬ್‌ಟೊರೆಂಟ್ 2.0 ಎಂಬ ಟೊರೆಂಟ್ ಸಾಫ್ಟ್‌ವೇರಿನಲ್ಲಿ ಇದು ಸೇರಿದೆ, ಬಳಕೆ ಇನ್ನೂ ಹರಡಬೇಕು.

ಈಗ ಕಾನೂನಿನ ಮಾತು. ನಮ್ಮೂರ ಮೊಬೈಲ್ ಅಂಗಡಿಗಳಲ್ಲಿ ಹಾಡು, ಸಿನಿಮಾ ‘ಕಾರ್ಡಿಗೆ ಹಾಕಿಸುವ’ ರೂಢಿ ಬಹಳ ಕಾಲ ನಡೆಯಿತು. ಎಲ್ಲರೂ ಮಾಡುತ್ತಾರೆ ಅಂದಮಾತ್ರಕ್ಕೆ ಅದು ಸರಿಯಾಗುವುದಿಲ್ಲ ಅಲ್ವಾ? ಟೊರೆಂಟಿನಲ್ಲಿ ಪಡೆಯುವವರೇ ಹಂಚುವವರೂ ಆಗುತ್ತಾರೆ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಅನುಮತಿ ಇಲ್ಲದೆ ಹಂಚಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಅನುಮತಿ ಇಲ್ಲದ ಫೈಲನ್ನು ಐದು ಸೈಟಿಗೆ ತಾನಾಗಿ ಹಂಚುವ ವ್ಯವಸ್ಥೆ ಮಾಡಿಕೊಂಡರೆ ತಪ್ಪೂ ಐದು ಕಡೆ ಹರಡುತ್ತದೆ.

ನನಗೆ ಈ ತಂತ್ರದ ಮೇಲೆ ಆಸೆ ಇರುವುದು ಬೇರೆ ಕಾರಣಕ್ಕೆ. ಬಳ್ಳಾರಿ ಸೀಮೆಯ ಬಯಲಾಟ, ಕೊಪ್ಪಳದ ಹಳ್ಳಿಗಳ ಭಜನೆ, ರಾಯಚೂರಿನ ದಾಸರ ಪದ ಎಷ್ಟೋ ಕ್ಯಾಸೆಟ್ಟು, ಸಿಡಿಗಳಲ್ಲಿ ಹಾಳಾಗುತ್ತಿವೆ. ಪುಸ್ತಕ, ಹಾಡುಗಳನ್ನು ಕಾಪಿಡುವ ಸೈಟು ಇಂಟರ್ನೆಟ್ ಆರ್ಕೈವ್ 2012ರಲ್ಲೇ ತನ್ನ 10 ಲಕ್ಷಕ್ಕೂ ಹೆಚ್ಚು ವಸ್ತುಗಳಿಗೆ ಟೊರೆಂಟ್ ಕೊಟ್ಟಿತು. ಸೀಡ್ ಮಾಡುವವರು ಯಾರೂ ಇಲ್ಲದಿದ್ದರೆ ಅದರ ಸರ್ವರೇ ತುಂಡುಗಳನ್ನು ಕೊಡುತ್ತದೆ. ನಮ್ಮ ದಾಖಲೆಗಳೂ ಹೀಗೆ ಎರಡು ಮೂರು ಕಡೆ ಇರಲಿ, ಊರಿನ ಒಂದೇ ಡಿಸ್ಕು ಎಲ್ಲ ಕಡೆಗೂ ಸೀಡ್ ಮಾಡಲಿ ಎಂಬುದು ನನ್ನ ಆಸೆ. ಆದರೆ ಒಪ್ಪಿಗೆ ಮೊದಲು. ಮಾನ್ವಿಯ ಜಗನ್ನಾಥದಾಸರು 18ನೇ ಶತಮಾನದವರು, ಅವರ ಪದಗಳು ಎಲ್ಲರ ಸೊತ್ತು. ಅದನ್ನು ನಿನ್ನೆ ಮೊನ್ನೆ ಹಾಡಿ ರೆಕಾರ್ಡ್ ಮಾಡಿಸಿದವರ ಹಕ್ಕು ಬೇರೆ. ರೆಕಾರ್ಡಿಂಗಿಗೆ 60 ವರ್ಷ, ಕಲಾವಿದರ ಪ್ರದರ್ಶನಕ್ಕೆ 50 ವರ್ಷ ರಕ್ಷಣೆ ಇದೆ. ಮೇಳದವರ ಹತ್ತಿರ ಕೂತು ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು.

ಇನ್ನೊಂದು ಅಡ್ಡಿ ಇಂಟರ್ನೆಟ್ ಲೈನಿನದು. ಮೊಬೈಲ್ ಡೇಟಾದಲ್ಲೂ ಊರಿನ ಹಲವು ಫೈಬರ್ ಲೈನುಗಳಲ್ಲೂ ನೂರಾರು ಮನೆಗಳಿಗೆ ಇಂಟರ್ನೆಟ್ಟಿನಲ್ಲಿ ಮಷೀನಿನ ಗುರುತಾದ ಐಪಿವಿ4 ವಿಳಾಸ ಒಂದನ್ನೇ ಹಂಚಿರುತ್ತಾರೆ. ಆಗ ಹೊರಗಿನವರು ನಿಮ್ಮ ಮಷೀನಿಗೆ ನೇರವಾಗಿ ಬರಲಾರರು. ಐದು ಸೈಟಿಗೆ ಸೇರಿಸಿದ್ದರೂ ಯಾರಿಗೂ ಏನೂ ಹೋಗದೆ ಇರಬಹುದು. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಇದೆಯೇ, ಸ್ವಂತ ಐಪಿ ಕೊಡುತ್ತೀರಾ ಎಂದು ಲೈನಿನವರನ್ನು ಕೇಳಿ. ಮೊದಲು ಅದಾಗಲಿ, ಕ್ರಾಸ್ ಸೀಡಿಂಗ್ ಆಮೇಲೆ.