ತಟ್ಟೆ ಕೊನೆಗೆ ಎಡಕ್ಕೇ ಯಾಕೆ ವಾಲುತ್ತದೆ?

ಭಾನುವಾರ ಸಂಜೆ, ಮಡಿಕೇರಿಯ ಒಂದು ಪಾರ್ಕು. ಡಿಸ್ಕ್ ಗಾಲ್ಫ್ ಆಡುತ್ತ ನಾನೆಸೆದ ಡಿಸ್ಕ್, ಅಂದರೆ ಪ್ಲಾಸ್ಟಿಕ್ ತಟ್ಟೆ, ನೆಟ್ಟಗೆ ಸಿಲ್ವರ್ ಓಕ್ ಮರದ ಕಡೆಗೇ ಹೊರಟಿತ್ತು. ಇನ್ನು ಹತ್ತು ಹೆಜ್ಜೆ ಅನ್ನುವಾಗ ಎಡಕ್ಕೆ ವಾಲಿ, ಜೋಳ ಸುಡುವ ಅಕ್ಕನ ಗಾಡಿಗೆ ಟಣ್ ಅಂತ ಬಡಿಯಿತು. ಎರಡು ತೆನೆ ಕೆಳಗುರುಳಿದವು. "ಎಂಥ ಮಾರಾಯ್ರೆ, ತಟ್ಟೆ ಬಿಸಾಡ್ಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ?" ತೆನೆಯ ದುಡ್ಡು ಕೊಟ್ಟೆ.

ಈ ಗಾಲ್ಫ್‌ನಲ್ಲಿ ಚೆಂಡಿನ ಬದಲು ತಟ್ಟೆ, ಗುಳಿಯ ಬದಲು ಸರಪಳಿ ಇಳಿಬಿಟ್ಟ ಬುಟ್ಟಿ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಮೊದಲ ಕಾಯಂ ಕೋರ್ಸ್ (ಆಟದ ಅಂಗಳ) ಎಂದು ಹೆಸರಾದದ್ದು 1975ರಲ್ಲಿ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮಾಡಿದ್ದು. ಅಲ್ಲೂ ಮೊದಲು ಬರೀ ಕಂಬಗಳೇ ಗುರಿ, ಬುಟ್ಟಿ ಬಂದದ್ದು ಆಮೇಲೆ. ನಮಗೆ ಮರದ ಬುಡವೇ ಸಾಕು.

ಎಡಕ್ಕೆ ವಾಲಿದ್ದು ನನ್ನ ಕೈಯ ತಪ್ಪಲ್ಲ (ಪೂರ್ತಿ ಅಲ್ಲ ಅಂತಿಟ್ಟುಕೊಳ್ಳಿ). ಸೈಕಲ್ ಚಕ್ರವನ್ನು ಬಿಚ್ಚಿ, ಅಚ್ಚಿನ ಎರಡೂ ತುದಿ ಹಿಡಿದು, ಜೋರಾಗಿ ತಿರುಗಿಸಿ ಓರೆ ಮಾಡಲು ನೋಡಿ. ನೀವು ಒತ್ತಿದ ಕಡೆಗೆ ಅದು ಬಾಗುವುದಿಲ್ಲ, ಅಡ್ಡ ದಿಕ್ಕಿಗೆ ತಿರುಗುತ್ತದೆ. ಡಿಸ್ಕ್‌ನದೂ ಅದೇ ಹಟ. ಬಲಗೈಯವರು ಎದೆಯ ಅಡ್ಡದಿಂದ ಎಸೆದರೆ ಅದು ಮೇಲಿನಿಂದ ನೋಡುವಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ವೇಗ ತಗ್ಗಿ ಡಿಸ್ಕ್ ಇಳಿಯತೊಡಗಿದಾಗ ಗಾಳಿ ಅದರ ಮುಂದಿನ ಅಂಚನ್ನು ಮೇಲಕ್ಕೆ ಒತ್ತುತ್ತದೆ. ಆದರೆ ತಿರುಗುತ್ತಿರುವ ತಟ್ಟೆಯ ಮೂತಿ ಮೇಲೇಳದೆ, ಇಡೀ ತಟ್ಟೆ ಎಡಕ್ಕೆ ಓರೆಯಾಗುತ್ತದೆ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಇಲ್ಲಿ ಗಾಳಿ ಮಂಗಳೂರಿನದಕ್ಕಿಂತ ಶೇಕಡಾ 10ರಷ್ಟು ತೆಳು, ಹಾಗಾಗಿ ಈ ವಾಲಾಟ ಸ್ವಲ್ಪ ಬೇಗನೇ ಶುರು.

ತಮಾಷೆ ಅಂದರೆ, ಡಿಸ್ಕ್ ಬರುವುದು ಕಂಡರೂ ಪಾರ್ಕಿನಲ್ಲಿ ಯಾರೂ ಬಗ್ಗುವುದಿಲ್ಲ. ಮಕ್ಕಳ ಪ್ಲಾಸ್ಟಿಕ್ ತಟ್ಟೆ ಅಲ್ವಾ ಅಂತ ಸುಮ್ನೆ ನಿಂತಿರುತ್ತಾರೆ. ಕ್ರಿಕೆಟ್ ಚೆಂಡಾಗಿದ್ದರೆ ತಲೆ ಮುಚ್ಚಿಕೊಳ್ಳುತ್ತಿದ್ದರು. ಚೆಂಡಿನ ತೂಕ 160 ಗ್ರಾಂ ಆಸುಪಾಸು. ನನ್ನ ಡಿಸ್ಕ್ 175 ಗ್ರಾಂ, ಅಂಚು ಗಟ್ಟಿ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅದರ ಶಕ್ತಿ ಸುಮಾರು 55 ಜೂಲ್, ಅದೇ ವೇಗದ ಚೆಂಡಿಗಿಂತ ಜಾಸ್ತಿಯೇ. ಯಾರಿಗೂ ತಾಗುವುದಿಲ್ಲ ಅಂತ ಖಾತ್ರಿಯಾಗದೆ ಎಸೆಯಬಾರದು ಅನ್ನುವುದು ಆಟದ ನಿಯಮದಲ್ಲೇ ಇದೆ. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಲು ಜನ ಸೇರಿರುವಾಗ ಈ ಆಟದ ಯೋಚನೆಯೇ ಬೇಡ.

ಈಗ ಮಗಳು ಮರದ ಪಕ್ಕ ಸೀಟಿ ಹಿಡಿದು ಕಾಯುತ್ತಾಳೆ. ಎಡಗಡೆ ಜನ ಬಂದರೆ ಊದುತ್ತಾಳೆ, ನಾನು ಕೈ ಇಳಿಸುತ್ತೇನೆ. ಜೋಳದ ಅಕ್ಕ ಗಾಡಿಯನ್ನು ಮರದ ಬಲಕ್ಕೆ ತಳ್ಳಿಕೊಂಡಿದ್ದಾರೆ. ಮೊನ್ನೆ ತಂಗಿಯ ಮಗ ಬಂದಿದ್ದ. ಅವನು ಎಡಚ, ಅವನ ಡಿಸ್ಕ್ ವಾಲುವುದು ಬಲಕ್ಕೆ. ಈಗ ನನ್ನ ಕಂಡ ಕೂಡಲೇ ಅಕ್ಕ ಕೇಳುವುದು ಒಂದೇ: "ಆ ಎಡಚ ಹುಡುಗ ಬಂದಿದ್ದಾನಾ ಇವತ್ತು?"